ಅಂಟು, ಕಚ್ಚು, ಹೆಣಿಗೆ: ದಂತವೈದ್ಯದ ಒಂದು ಕನ್ನಡ ಕರಪತ್ರವನ್ನು ಕುರಿತ ವಿಚಾರ

ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಕುರಿತು ಬರೆದ ಗ್ರಂಥಗಳ ಗುಣದೋಷಗಳನ್ನು ವಿದ್ವಾಂಸರು ಆಗಾಗ ವಿಚಾರಿಸುವುದುಂಟು. ಆದರೆ ಸಾಮಾನ್ಯ ಜನರು ನಿಜವಾಗಿ ಓದುವ ಶಾಸ್ತ್ರವಾಙ್ಮಯವು ಗ್ರಂಥರೂಪದ್ದಲ್ಲ, ಕರಪತ್ರರೂಪದ್ದು. ಔಷಧದ ಪೆಟ್ಟಿಗೆಯಲ್ಲಿ ಮಡಿಚಿಟ್ಟ ಕಾಗದ, ಆಸ್ಪತ್ರೆಯ ಗೋಡೆಯ ಫಲಕ, ಚಿಕಿತ್ಸೆಗೆ ಮುಂಚೆ ರೋಗಿಯ ಕೈಗೆ ಕೊಡುವ ಎರಡು ಪುಟಗಳ ತಿಳಿವಳಿಕೆಯ ಪತ್ರ, ಇವುಗಳ ಭಾಷೆಯನ್ನು ಯಾರೂ ಪರೀಕ್ಷಿಸುವುದಿಲ್ಲ. ಇವು ಸಾಹಿತ್ಯವಲ್ಲವೆಂಬ ಉಪೇಕ್ಷೆಯೇ ಅದಕ್ಕೆ ಕಾರಣವಾಗಿರಬೇಕು. ಕಾವ್ಯದಲ್ಲಿ ಒಂದು ಪದವು ಸ್ಥಾನಭ್ರಷ್ಟವಾದರೆ ರಸಭಂಗ ಮಾತ್ರ. ಇಂಥ ಪತ್ರದಲ್ಲಿ ಸ್ಥಾನಭ್ರಷ್ಟವಾದರೆ ಹಲ್ಲೇ ಹೋಗಬಹುದು. ಇದು ಅತಿಶಯೋಕ್ತಿಯಲ್ಲವೆಂಬುದು ಮುಂದೆ ತಿಳಿಯುವುದು.

ನಮ್ಮ ವಿಚಾರಕ್ಕೆ ವಿಷಯವಾದ ಪತ್ರವು ಬೆಂಗಳೂರಿನ ಹಳೆಯ ಬಡಾವಣೆಯೊಂದರ ದಂತಚಿಕಿತ್ಸಾಲಯದಲ್ಲಿ ನಮಗೆ ದೊರೆತುದು. ಚಿಕಿತ್ಸಾಲಯದ ಹೆಸರು ಇಲ್ಲಿ ಅನಾವಶ್ಯಕ; ಇಂಥವೇ ಮಾತುಗಳು ಬೇರೆ ಕಡೆಗಳ ಪತ್ರಗಳಲ್ಲಿಯೂ ಇವೆ. ಬೇರುನಾಳವನ್ನು ಶುದ್ಧಿಮಾಡಿ ತುಂಬಿದ ಹಲ್ಲಿನ ಮೇಲ್ಭಾಗವು ಮುರಿದುಹೋಗಿದ್ದರೆ ಏನು ಮಾಡುವರೆಂಬುದನ್ನು ಅದು ವರ್ಣಿಸುತ್ತದೆ. ಅದರ ಸಾರವನ್ನು ಮೂರು ಮಾತುಗಳಲ್ಲಿ ಹೇಳಬಹುದು. ಹಲ್ಲಿನೊಳಗೆ ಒಂದು ಕಂಬವನ್ನು ನಿಲ್ಲಿಸುವುದರಿಂದ ದುರ್ಬಲವಾದ ಹಲ್ಲಿಗೆ ಬಲ ಬರುತ್ತದೆಂಬುದು ಮೊದಲನೆಯದು. ಸಿಮೆಂಟೆಂಬ ಅಂಟಿನಿಂದ ಆ ಕಂಬವು ಹಲ್ಲಿಗೆ ಅಂಟಿ ಅದರೊಡನೆ ಒಂದಾಗಿಬಿಡುತ್ತದೆಂಬುದು ಎರಡನೆಯದು. ಈ ಸಿಮೆಂಟು ಶಾಶ್ವತವೆಂಬುದು ಮೂರನೆಯದು. ವಾಕ್ಯಗಳು ಸರಳವಾಗಿವೆ, ವ್ಯಾಕರಣದೋಷವಿಲ್ಲ, ಅಕ್ಷರಸ್ಖಾಲಿತ್ಯವೂ ಇಲ್ಲ. ಇಷ್ಟಿದ್ದರೂ ಮೂರು ಮಾತುಗಳಲ್ಲಿ ಒಂದಾದರೂ ವಸ್ತುಸ್ಥಿತಿಗೆ ಹೊಂದುವುದಿಲ್ಲವೆಂಬುದೇ ನಮ್ಮ ಆಕ್ಷೇಪ.

ಈ ವಿಷಯದಲ್ಲಿ ನಮಗೆ ಆಸಕ್ತಿಯುಂಟಾದುದು ಶಾಸ್ತ್ರಜಿಜ್ಞಾಸೆಯಿಂದಲ್ಲ. ನಮ್ಮ ಮೇಲ್ದವಡೆಯ ಮುಂದಿನ ಹಲ್ಲೊಂದು ಬಹುಕಾಲದ ಹುಳುಕಿನಿಂದ ಮುರಿಯಿತು. ನಾಲ್ಕು ದಶಕಗಳಿಂದ ಪಾಠವನ್ನು ಓದಿ, ಓದಿಸಿ ಜೀವಿಸುತ್ತಿರುವವನಿಗೆ ಮುಂದಿನ ಹಲ್ಲೆಂಬುದು ಅಲಂಕಾರವಲ್ಲ; ತವರ್ಗ ಸಕಾರಗಳಿಗೆ ಅದೇ ಸ್ಥಾನ. ಶಿಕ್ಷಾಗ್ರಂಥಗಳು ದಂತವನ್ನೂ ದಂತಮೂಲವನ್ನೂ ಉಚ್ಚಾರಣಸ್ಥಾನಗಳೆಂದು ಎಣಿಸಿರುವುದರ ಅರ್ಥವು ಹಲ್ಲು ಹೋದ ಮೇಲೆ ಎಷ್ಟು ಚೆನ್ನಾಗಿ ಆಗುವುದೋ ಅಷ್ಟು ಯಾವ ವ್ಯಾಖ್ಯಾನದಿಂದಲೂ ಆಗದು. ಮೇಲೆ ಹೇಳಿದ ಚಿಕಿತ್ಸಾಲಯದಲ್ಲಿ ನಾಳವನ್ನು ತುಂಬಿ, ಲೋಹದ ಆಣಿಯೊಂದನ್ನು ಹೂಡಿ, ಅದರ ಮೇಲೆ ಕೃತಕ ಕಿರೀಟವನ್ನು ಕೂರಿಸಿದರು. ಪತ್ರದ ಮಾತನ್ನು ನಂಬಿ, ಹಲ್ಲು ಮೊದಲಿಗಿಂತ ಗಟ್ಟಿಯಾಯಿತೆಂದು ಕೊಬ್ಬರಿಯನ್ನೂ ಕೋಡುಬಳೆಯನ್ನೂ ಅದರಿಂದಲೇ ಕಚ್ಚಿದೆವು. ವರ್ಷ ತುಂಬುವುದರೊಳಗೆ, ಪಾಠದ ಮಧ್ಯದಲ್ಲಿ, ಕಿರೀಟವು ಆಣಿಯ ಸಮೇತವಾಗಿ ನಮ್ಮ ಅಂಗೈಗೆ ಬಂದಿತು. ಹುಡುಗರು ನಗಲಿಲ್ಲವೆಂಬುದನ್ನು ಅವರ ಸಂಸ್ಕಾರದ ಸಾಕ್ಷಿಯಾಗಿ ಇಲ್ಲಿ ದಾಖಲೆ ಮಾಡುತ್ತೇವೆ.

ಎರಡನೆಯ ಸಲ ಹೋದುದು ಮಲ್ಲೇಶ್ವರದಲ್ಲಿರುವ ಒಬ್ಬ ತರುಣ ವೈದ್ಯೆಯ ಬಳಿಗೆ. ಆಕೆಯು ಬಿದ್ದ ಆಣಿಯನ್ನು ದೀಪದ ಕೆಳಗೆ ಹಿಡಿದು, ಭೂತಗನ್ನಡಿಯನ್ನು ನಮ್ಮ ಕೈಗೆ ಕೊಟ್ಟು, ನೋಡಬೇಕೆಂದರು. ಸಿಮೆಂಟೆಲ್ಲವೂ ಆಣಿಯ ಮೇಲೆಯೇ ಉಳಿದಿತ್ತು. ಅದರ ಹೊರಮೈಯಲ್ಲಿ ಅಲ್ಲಲ್ಲಿ ಕೆಂಬಣ್ಣದ ತೆಳುವಾದ ಪೊರೆಯಿತ್ತು. ಅದು ಬೇರುನಾಳವನ್ನು ತುಂಬಲು ಉಪಯೋಗಿಸಿದ ಗಟ್ಟಾಪರ್ಚವೆಂಬ ಮರದ ಹಾಲಿನ ದ್ರವ್ಯ. ಆಣಿಗಾಗಿ ನಾಳವನ್ನು ಕೊರೆಯುವಾಗ ಗೋಡೆಯ ಮೇಲೆ ಅದರ ಶೇಷವು ಉಳಿದುಹೋಗಿತ್ತು. ಸಿಮೆಂಟು ಅಂಟಿತ್ತೆಂಬುದು ನಿಜ. ಆದರೆ ಅಂಟಿದ್ದುದು ಹಲ್ಲಿಗಲ್ಲ. ಬೇರು ಸೀಳಿಲ್ಲದಿರುವುದು ನಮ್ಮ ಪುಣ್ಯವೆಂದು ವೈದ್ಯೆಯು ಹೇಳಿದರು. ಆಣಿ ಕಳಚಿದರೆ ಮತ್ತೆ ಹೂಡಬಹುದು. ಬೇರು ಉದ್ದಕ್ಕೆ ಸೀಳಿದರೆ ಹಲ್ಲನ್ನು ಕೀಳುವುದೊಂದೇ ಸಾಮಾನ್ಯವಾಗಿ ಉಳಿಯುವ ಮಾರ್ಗವಂತೆ. ಆಗ ಮನೆಗೆ ಬಂದು ಆ ಪತ್ರವನ್ನು ಎರಡನೆಯ ಸಲ, ಪಂಡಿತನ ಕಣ್ಣಿನಿಂದ ಓದಿದೆವು.

ವಿಷಯವನ್ನು ಅರಿಯದ ವಾಚಕರಿಗಾಗಿ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಹಲ್ಲಿನ ಗರ್ಭದಲ್ಲಿರುವ ಮಜ್ಜೆಯು ಕೆಟ್ಟಾಗ ಅದನ್ನು ತೆಗೆದು, ನಾಳವನ್ನು ತೊಳೆದು, ಗಟ್ಟಾಪರ್ಚದಿಂದ ಮುಚ್ಚುತ್ತಾರೆ. ಮೇಲ್ಭಾಗವು ಸಾಕಷ್ಟು ಉಳಿದಿದ್ದರೆ ಅಷ್ಟಕ್ಕೇ ಮುಗಿಯಿತು. ಆಣಿ ಬೇಕಾಗಿಯೇ ಇಲ್ಲ. ಉಳಿಯದಿದ್ದರೆ, ನಾಳದೊಳಗಿನ ತುಂಬುದ್ರವ್ಯವನ್ನು ಬೇರಿನ ತುದಿಯಲ್ಲಿ ನಾಲ್ಕೈದು ಮಿಲಿಮೀಟರಿನಷ್ಟು ಬಿಟ್ಟು ಮಿಕ್ಕುದನ್ನು ತೆಗೆದು, ಆ ರಂಧ್ರದಲ್ಲಿ ಲೋಹದ ಅಥವಾ ಗಾಜಿನ ನಾರಿನ ಆಣಿಯೊಂದನ್ನು ಸಿಮೆಂಟಿನೊಡನೆ ಇಳಿಸುತ್ತಾರೆ. ಆಣಿಯ ಹೊರಚಾಚಿದ ತಲೆಯ ಸುತ್ತ ಒಂದು ದಿಂಡನ್ನು ಕಟ್ಟಿ, ಅದರ ಮೇಲೆ ಕಿರೀಟವನ್ನು ತೊಡಿಸುತ್ತಾರೆ. ಆದುದರಿಂದ ಆಣಿಯ ಪ್ರಯೋಜನವು ದಿಂಡನ್ನು ಬೇರಿನಲ್ಲಿ ಹಿಡಿದಿಡುವುದು, ಅದಕ್ಕಿಂತ ಹೆಚ್ಚಿಲ್ಲ.

ಇದರಿಂದಲೇ ಪತ್ರದ ಮೊದಲನೆಯ ಮಾತು ನಿಲ್ಲುವುದಿಲ್ಲವೆಂದಾಯಿತು. ಕಂಬವೆಂದರೆ ಭಾರವನ್ನು ಹೊರುವುದು. ಮನೆಯನ್ನು ಕಂಬವು ಬಲಪಡಿಸುವುದುಂಟು. ಇಲ್ಲಿಯ ವಸ್ತುವು ಭಾರ ಹೊರುವುದಕ್ಕಾಗಿ ಹೂಡಿದುದಲ್ಲ, ಬೇರಿಗೆ ಬಲವನ್ನೂ ಕೊಡುವುದಿಲ್ಲ. ರಂಧ್ರವನ್ನು ಅಗಲಮಾಡಿದಷ್ಟೂ ಬೇರಿನ ಗೋಡೆಯು ತೆಳುವಾಗಿ ಬಲವು ಕುಂದುವುದೆಂದೇ ಇಂದಿನ ದಂತಶಾಸ್ತ್ರದ ಸಿದ್ಧಾಂತ. ಬಲ ಬರುವುದು ಬೇರೆ ಕಡೆಯಿಂದ: ಒಸಡಿನ ಮೇಲೆ ಉಳಿದ ಸ್ವಂತ ಹಲ್ಲಿನ ಎರಡು ಮಿಲಿಮೀಟರಿನಷ್ಟು ಭಾಗವನ್ನು ಕಿರೀಟದ ಅಂಚು ಸುತ್ತಲೂ ಬಳಸಿ ಹಿಡಿದರೆ, ಒನಕೆಯ ತುದಿಯನ್ನು ಅಪ್ಪಿದ ಕಬ್ಬಿಣದ ಬಳೆಯಂತೆ ಅದು ಬೇರನ್ನು ಸೀಳದಂತೆ ಕಾಯುತ್ತದೆ. ಪತ್ರದಲ್ಲಿ ಈ ಬಳೆಯ ಮಾತೇ ಇಲ್ಲ. ಹೀಗಿರುವುದರಿಂದ ‘ಕಂಬ’ವನ್ನು ಬಿಟ್ಟು ‘ಆಣಿ’ಯೆಂಬ ಪದವನ್ನು ನಾವು ಉಪಯೋಗಿಸುತ್ತಿದ್ದೇವೆ. ‘ಕೀಲು’ ಎನ್ನಬಹುದಾಗಿತ್ತು, ಆದರೆ ಇಂದಿನ ಜನರ ಕಿವಿಗೆ ಕೀಲೆಂದರೆ ಮಂಡಿಯ ನೋವು ನೆನಪಾಗುವುದು. ‘ಗೂಟ’ವೆಂದರೆ ದನದ ಕೊಟ್ಟಿಗೆ.

ಇನ್ನು ಎರಡನೆಯ ಮಾತು. ಇದೇ ನಮ್ಮ ಮುಖ್ಯ ವಿಷಯ.

‘ಅಂಟು’ ಎಂಬ ಧಾತುವಿನ ಮೂಲಾರ್ಥವು ತಗಲು, ಸೋಂಕು ಎಂಬುದು. ಅಂಟುರೋಗ, ಅಂಟುಮುಟ್ಟು ಮುಂತಾದ ಪ್ರಯೋಗಗಳಲ್ಲಿ ಆ ಅರ್ಥವು ಇಂದಿಗೂ ಜೀವಂತವಾಗಿದೆ. ಎರಡು ಮೈಗಳು ಒಂದಕ್ಕೊಂದು ತಗಲಿ ಬಿಡದಿರುವುದು ಅಂಟುವಿಕೆ. ಹಲಸಿನ ಮೇಣವು ಬೆರಳಿಗೆ ಅಂಟುತ್ತದೆ. ಬೆರಳು ನುಣುಪಾಗಿದ್ದರೂ ಅಂಟುತ್ತದೆ. ಹೀಗೆ ಮೈಯ ನುಣುಪು ಒರಟುಗಳನ್ನು ಅಪೇಕ್ಷಿಸದೆ ಹಿಡಿಯುವುದೇ ಅಂಟಿನ ಲಕ್ಷಣವೆನ್ನಬಹುದು. ದಂತವೈದ್ಯರ ಸಿಮೆಂಟು ಈ ಲಕ್ಷಣಕ್ಕೆ ಒಳಪಡುವುದೇ ಎಂದು ನೋಡಬೇಕು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬಳಕೆಯಲ್ಲಿರುವ, ಈಗಲೂ ಪೂರ್ತಿಯಾಗಿ ಬಿಟ್ಟುಹೋಗದ ಸಿಮೆಂಟು ಜಿಂಕ್ ಫಾಸ್ಫೇಟೆಂಬುದು. ನಮ್ಮ ರಸವೈದ್ಯರ ಯಶದಭಸ್ಮಕ್ಕೆ ಬಂಧುವಾದ ಜಿಂಕ್ ಆಕ್ಸೈಡಿನ ಪುಡಿಯನ್ನು ನೀರು ಬೆರೆತ ಫಾಸ್ಫಾರಿಕ್ ಆಮ್ಲದೊಡನೆ ತಣ್ಣನೆಯ ಗಾಜಿನ ಹಲಗೆಯ ಮೇಲೆ ಸ್ವಲ್ಪಸ್ವಲ್ಪವಾಗಿ ಕಲಸುತ್ತಾರೆ. ಒಮ್ಮೆಲೇ ಕಲಸಿದರೆ ಕಾವು ಹುಟ್ಟಿ ಅಕಾಲದಲ್ಲಿ ಗಟ್ಟಿಯಾಗುವುದು. ಪುಡಿಯು ದ್ರವದೊಡನೆ ಸೇರಿ ಮುದ್ದೆಯಾಗುವುದಕ್ಕೆ ಕಾರಣವಾದ ಗುಣವನ್ನು ನಮ್ಮ ತಾರ್ಕಿಕರು ‘ಸ್ನೇಹ’ವೆಂದು ಕರೆದು, ಅದು ಜಲದಲ್ಲಿ ಮಾತ್ರವಿರುವುದೆಂದರು. ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದ ಯಾವ ವಿದ್ಯಾರ್ಥಿಯೂ ಇದನ್ನು ಬಲ್ಲನು. ಆದರೆ ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸ್ನೇಹದಿಂದ ಆಗುವುದು ಪಿಂಡೀಭಾವ, ಎಂದರೆ ಪುಡಿಯ ಕಣಗಳು ತಮ್ಮತಮ್ಮೊಳಗೆ ಒಂದುಗೂಡುವುದು. ಹಿಟ್ಟು ಮುದ್ದೆಯಾದ ಮಾತ್ರಕ್ಕೆ ಪಾತ್ರೆಗೆ ಹಿಡಿಯಬೇಕೆಂಬ ನಿಯಮವಿಲ್ಲ. ಸಿಮೆಂಟು ತನ್ನೊಳಗೆ ತಾನು ಗಟ್ಟಿಯಾಗುವುದು ಬೇರೆ, ಅನ್ಯವಸ್ತುವನ್ನು ಹಿಡಿಯುವುದು ಬೇರೆ. ಪತ್ರವು ಈ ಎರಡನ್ನೂ ಒಂದೇ ಎಂದು ಭಾವಿಸಿದೆ.

ಈ ಜಿಂಕ್ ಫಾಸ್ಫೇಟು ಹಲ್ಲಿಗೂ ಅಂಟುವುದಿಲ್ಲ, ಲೋಹಕ್ಕೂ ಅಂಟುವುದಿಲ್ಲ. ನುಣುಪಾದ ಗಾಜಿನ ಮೇಲೆ ಒಣಗಿದರೆ ಅದನ್ನು ಸುಲಭವಾಗಿ ಎಬ್ಬಿಸಬಹುದು. ಹಾಗಾದರೆ ಅದು ನೂರಕ್ಕಿಂತ ಹೆಚ್ಚು ವರ್ಷ ಜಗತ್ತಿನ ಆಣಿಗಳನ್ನು ಹಿಡಿದು ನಿಲ್ಲಿಸಿದುದು ಹೇಗೆ? ನಾಳದ ಗೋಡೆಯಲ್ಲಿಯೂ ಆಣಿಯ ಮೈಯಲ್ಲಿಯೂ ಕಣ್ಣಿಗೆ ಕಾಣದ ಏರುತಗ್ಗುಗಳಿವೆ. ಮೆತುವಾಗಿರುವಾಗ ಸಿಮೆಂಟು ಆ ತಗ್ಗುಗಳಿಗೆ ಇಳಿದು, ಗಟ್ಟಿಯಾದ ಮೇಲೆ ಸಾವಿರಾರು ಸಣ್ಣ ಹಲ್ಲುಗಳಂತೆ ಎರಡು ಕಡೆಯನ್ನೂ ಕಚ್ಚಿಕೊಳ್ಳುತ್ತದೆ. ಆಣಿಯನ್ನು ಎಳೆಯಬೇಕಾದರೆ ಈ ಕಚ್ಚುಗಳನ್ನೆಲ್ಲ ಮುರಿಯಬೇಕು. ಬಡಗಿಗಳು ಮರದಲ್ಲಿ ಕಚ್ಚು ಮಾಡಿ ಜೋಡಿಸುವರಲ್ಲವೆ, ಅದೇ ನ್ಯಾಯ. ಕಲಸಿದ ಸಿಮೆಂಟು ಎಷ್ಟು ತೆಳುವಾಗಿ ಹರಡಬಲ್ಲುದೆಂಬುದಕ್ಕೂ ಒಂದು ಮಾನವಿದೆ: ಆ ಪೊರೆಯು ಮಿಲಿಮೀಟರಿನ ಸಾವಿರದ 25 ಪಾಲನ್ನು ಮೀರಬಾರದು. ತಲೆಗೂದಲೂ ಇದಕ್ಕಿಂತ ದಪ್ಪ. ಅಷ್ಟು ತೆಳುವಾಗದಿದ್ದರೆ ಆಣಿಯು ತನ್ನ ನೆಲೆಗೆ ಪೂರ್ತಿಯಾಗಿ ಇಳಿಯದು.

ಇದು ಕೇವಲ ತರ್ಕವಲ್ಲ. ಸಿಮೆಂಟು ಒಂದೇ ಆಗಿದ್ದರೂ, ಮೈ ಸಮಾನಾಂತರವಾಗಿರುವ ಆಣಿಯು ತುದಿ ಕಿರಿದಾದ ಬೆಣೆಯಾಕಾರದ ಆಣಿಗಿಂತ ಬಿಗಿಯಾಗಿ ನಿಲ್ಲುವುದೆಂದೂ, ಒರಟು ಮೈಯದು ನುಣುಪು ಮೈಯದಕ್ಕಿಂತ ಬಿಗಿಯಾಗಿ ನಿಲ್ಲುವುದೆಂದೂ ಪರೀಕ್ಷೆಗಳಿಂದ ಬಹುಕಾಲದ ಹಿಂದೆಯೇ ತಿಳಿದಿದೆ. ಉದ್ದವಾದಷ್ಟೂ ಹಿಡಿತವು ಹೆಚ್ಚುವುದೆಂಬುದನ್ನೂ ಹೇಳುತ್ತಾರೆ. ಆದರೆ ಅದು ಅಂಟಿನ ವಾದಕ್ಕೂ ಅನುಕೂಲವೇ ಆದುದರಿಂದ ನಾವು ಅದನ್ನು ನಮ್ಮ ಪಕ್ಷದ ಸಾಕ್ಷಿಯೆಂದು ಎಣಿಸುವುದಿಲ್ಲ. ಆಕಾರವನ್ನೂ ಒರಟುತನವನ್ನೂ ಅಪೇಕ್ಷಿಸುವ ಹಿಡಿತವು ಕಚ್ಚಿನದು, ಅಂಟಿನದಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು ಹೇಳುವುದೇನೆಂದರೆ: ನೀವು ಹಳೆಯ ಸಿಮೆಂಟನ್ನು ಹಿಡಿದು ವಾದಿಸುತ್ತಿದ್ದೀರಿ, ಈಗಿನವು ಹಲ್ಲಿಗೆ ನಿಜವಾಗಿಯೂ ಅಂಟುತ್ತವೆ. ಈ ಆಕ್ಷೇಪವು ಬಲವಾದುದು, ಅರ್ಧವನ್ನು ಒಪ್ಪಬೇಕಾದುದು. 1968ರಲ್ಲಿ ಡೆನಿಸ್ ಸ್ಮಿತ್ ಎಂಬಾತನು ಪ್ರಕಟಿಸಿದ ಪಾಲಿಕಾರ್ಬಾಕ್ಸಿಲೇಟು ಸಿಮೆಂಟೂ, 1972ರಲ್ಲಿ ಲಂಡನ್ನಿನ ಆಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟರು ಪ್ರಕಟಿಸಿದ ಗ್ಲಾಸ್ ಅಯಾನಮರೂ ಹಲ್ಲಿನಲ್ಲಿರುವ ಸುಣ್ಣದ ಧಾತುವಾದ ಕ್ಯಾಲ್ಸಿಯಮಿನೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತವೆ. ಇವುಗಳಿಗೆ ‘ಅಂಟು’ ಎಂಬ ಪದವು ಸಲ್ಲುತ್ತದೆ. ಆದರೆ ಇವುಗಳಿಗೆ ಮಾತ್ರ. ಗ್ಲಾಸ್ ಅಯಾನಮರು ತನ್ನ ಪೂರ್ಣಶಕ್ತಿಗೆ ಬರಲು ಒಂದು ದಿನವಾದರೂ ಬೇಕು. ಅದುವರೆಗೆ ಆಣಿಯನ್ನು ಅಲುಗಿಸಬಾರದು.

ಮೂರನೆಯ ಬಗೆಯು ರಾಳದ ಸಿಮೆಂಟು, ಈಗಿನ ಗಾಜಿನ ನಾರಿನ ಆಣಿಗಳಿಗೆ ಬಹುಮಟ್ಟಿಗೆ ಇದನ್ನೇ ಬಳಸುತ್ತಾರೆ. ಇದರ ಕಥೆಯು 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎಂಬಾತನು ಹಲ್ಲಿನ ಹೊರಕವಚವನ್ನು ಆಮ್ಲದಿಂದ ತುಸು ಕೊರೆದು ರಾಳವನ್ನು ಹಿಡಿಸಿದುದರಿಂದ ಮೊದಲಾಗುತ್ತದೆ. ಒಳಗಿನ ಡೆಂಟಿನೆಂಬ ಧಾತುವಿನಲ್ಲಿ ಆಗುವುದನ್ನು 1982ರಲ್ಲಿ ಜಪಾನಿನ ನಕಬಯಾಶಿಯೂ ಅವರ ಸಂಗಡಿಗರೂ ತೋರಿಸಿದರು: ಆಮ್ಲವು ಖನಿಜವನ್ನು ಕರಗಿಸಿದಾಗ ಡೆಂಟಿನಿನ ನಾರಿನ ಜಾಲವು ಬಯಲಾಗುತ್ತದೆ, ರಾಳವು ಆ ಜಾಲದೊಳಕ್ಕೆ ನುಗ್ಗಿ ಗಟ್ಟಿಯಾಗುತ್ತದೆ, ಎರಡೂ ಸೇರಿ ಒಂದು ಮಿಶ್ರಸ್ತರವಾಗುತ್ತದೆ. ಇದು ಅಂಟುವುದಲ್ಲ, ಹೆಣೆದುಕೊಳ್ಳುವುದು. ಬುಟ್ಟಿಯ ಸಂದುಗಳಲ್ಲಿ ಸಗಣಿ ಹಿಡಿದಂತೆ. (ರಾಳದಲ್ಲಿ ನೀರಿಲ್ಲದಿರುವುದರಿಂದ ಅದರ ಸ್ನೇಹವು ಎಲ್ಲಿಂದ ಬಂತೆಂದು ನಮ್ಮ ತಾರ್ಕಿಕರನ್ನು ಕೇಳಿದರೆ, ತೈಲದ ವಿಷಯದಲ್ಲಿ ಮುಕ್ತಾವಳೀಕಾರನು ಪಟ್ಟ ಪಾಡನ್ನೇ ನಾವೂ ಪಡಬೇಕಾದೀತು. ಅದಿರಲಿ.)

ಹಲ್ಲಿನ ಮೇಲ್ಮೈಯಲ್ಲಿ ಈ ಹೆಣಿಗೆಯು ಬಹು ಗಟ್ಟಿಯಾದುದೆಂಬುದರಲ್ಲಿ ಸಂದೇಹವಿಲ್ಲ. ಬೇರುನಾಳದ ಒಳಗೆ ಮಾತ್ರ ಇದಕ್ಕೆ ಅನೇಕ ಶತ್ರುಗಳು. ಆಳಕ್ಕೆ ಬೆಳಕು ಇಳಿಯದು. ಆದುದರಿಂದ ಬೆಳಕಿನಿಂದ ಗಟ್ಟಿಯಾಗುವ ರಾಳವು ಅಲ್ಲಿ ಸಾಲದು, ತಾನಾಗಿಯೂ ಗಟ್ಟಿಯಾಗುವ ಬಗೆಯದೇ ಬೇಕು. ನಾಳವನ್ನು ತೊಳೆಯಲು ಉಪಯೋಗಿಸುವ ಸೋಡಿಯಮ್ ಹೈಪೋಕ್ಲೋರೈಟು ಹಿಂದೆ ಬಿಟ್ಟುಹೋಗುವ ಆಮ್ಲಜನಕವು ರಾಳವು ಗಟ್ಟಿಯಾಗುವುದನ್ನು ತಡೆಯುತ್ತದೆ. ಲವಂಗದ ಎಣ್ಣೆಯ ಸತ್ತ್ವವಾದ ಯೂಜಿನಾಲು ನಾಳದ ಲೇಪದಲ್ಲಿದ್ದರೆ ಅದೂ ತಡೆಯುತ್ತದೆ; ಹಲ್ಲುನೋವಿಗೆ ನಮ್ಮ ಅಜ್ಜಿಯರು ಇಟ್ಟುಕೊಳ್ಳುತ್ತಿದ್ದ ಲವಂಗವೇ ಹಲ್ಲಿನ ಬಂಧಕ್ಕೆ ಹಗೆಯಾದುದು ವಿಚಿತ್ರ. ಎಲ್ಲಕ್ಕಿಂತ ಮುಖ್ಯವಾದುದು ಸಂಕೋಚ. ರಾಳವು ಗಟ್ಟಿಯಾಗುವಾಗ ಕುಗ್ಗುತ್ತದೆ. ಬಯಲಾದ ಮೈಯಿದ್ದರೆ ಅಲ್ಲಿಂದ ಒಳಕ್ಕೆ ಸರಿದು ಕುಗ್ಗಬಹುದು. ಸುತ್ತಲೂ ಗೋಡೆಯಿರುವ ಇಕ್ಕಟ್ಟಾದ ನಾಳದಲ್ಲಿ ಸರಿಯಲು ಎಡೆಯಿಲ್ಲ. ಹಿಡಿದ ಮೈಗೂ ಬಯಲಾದ ಮೈಗೂ ಇರುವ ಪ್ರಮಾಣವು ಸಾಮಾನ್ಯವಾದ ಹಲ್ಲಿನ ಕುಳಿಯಲ್ಲಿ ಐದನ್ನು ಮೀರುವುದು ಅಪೂರ್ವ, ಆಣಿಯ ನಾಳದಲ್ಲಿ ಇನ್ನೂರನ್ನು ಮೀರಬಹುದೆಂದು ಲೆಕ್ಕಹಾಕಿದ್ದಾರೆ. ಕುಗ್ಗುವಿಕೆಯು ಗೋಡೆಯಿಂದ ತನ್ನನ್ನು ತಾನೇ ಕಿತ್ತುಕೊಳ್ಳುತ್ತದೆ. 2005ರಲ್ಲಿ ಇಟಲಿಯ ಸಿಯೆನಾದ ಗೊರಾಚ್ಚಿಯೂ ಸಹೋದ್ಯೋಗಿಗಳೂ ಪ್ರಕಟಿಸಿದ ಪರೀಕ್ಷೆಯಲ್ಲಿ, ರಾಳದಿಂದ ಹಿಡಿಸಿದ ನಾರಿನ ಆಣಿಗಳು ತಳ್ಳಿದಾಗ ತೋರುವ ಪ್ರತಿರೋಧಕ್ಕೆ ಘರ್ಷಣೆಯೇ ಬಹುಮಟ್ಟಿಗೆ ಕಾರಣವೆಂದು ಕಂಡುಬಂದಿತು. ಎಂದರೆ ಅಂಟೆಂದು ಹೆಸರುಗೊಂಡ ವಸ್ತುವಿನಲ್ಲಿಯೂ ಕೆಲಸ ಮಾಡುತ್ತಿರುವುದು ಬಹುಪಾಲು ಬಿಗಿಯೇ.

ನ್ಯಾಯವಾಗಿ ಹೇಳಬೇಕಾದರೆ, ರಾಳದ ಸಿಮೆಂಟಿನಿಂದ ಹಿಡಿತವು ಜಿಂಕ್ ಫಾಸ್ಫೇಟಿಗಿಂತ ಹೆಚ್ಚೆಂದು ತೋರಿಸಿದ ಪ್ರಯೋಗಗಳು ಅನೇಕವಾಗಿವೆ. ಗಿಡ್ಡವಾದ ಬೇರುಗಳಲ್ಲಿ ಅದರಿಂದ ಪ್ರಯೋಜನವುಂಟು. ನಾವು ವೈದ್ಯರ ಆಯ್ಕೆಯನ್ನು ಪ್ರಶ್ನಿಸುತ್ತಿಲ್ಲ, ಅದು ನಮ್ಮ ಅಧಿಕಾರವಲ್ಲ. ನಮ್ಮ ಪ್ರಶ್ನೆಯು ಕ್ರಿಯಾಪದವನ್ನು ಕುರಿತದ್ದು. ಕಚ್ಚುವ ಸಿಮೆಂಟು, ಅಂಟುವ ಸಿಮೆಂಟು, ಹೆಣೆಯುವ ಸಿಮೆಂಟು ಎಂದು ಮೂರು ಬಗೆಯಿರುವಲ್ಲಿ, ಮೂರಕ್ಕೂ ‘ಅಂಟಿಸು’ ಎಂಬ ಒಂದೇ ಕ್ರಿಯಾಪದವನ್ನು ಹಾಕಿದರೆ, ರೋಗಿಯು ಕೇಳಬೇಕಾದ ಪ್ರಶ್ನೆಯೇ ಅವನಿಗೆ ಹೊಳೆಯದು. ಅಂಟಾದರೆ ಗೋಡೆಯ ಕೊಳೆಯೂ ಆಣಿಯ ಆಕಾರವೂ ಅಷ್ಟು ಮುಖ್ಯವಲ್ಲವೆಂದು ತೋರುವುದು. ಕಚ್ಚಾದರೆ ಗೋಡೆಯು ಶುದ್ಧವಾಗಿರಬೇಕೆಂಬುದು ಮಗುವಿಗೂ ಗೊತ್ತಾಗುವುದು.

ಪತ್ರವು ಎಲ್ಲವೂ ‘ಒಂದಾಗುವುದು’ ಎನ್ನುತ್ತದೆ. ಹುಟ್ಟಿದ ಹಲ್ಲಿನ ತಲೆಯೂ ಬೇರೂ ಒಂದೇ. ಅವಯವ ಅವಯವಿಗಳಿಗಿರುವ ಸಮವಾಯವು ಅಲ್ಲಿರುವುದು. ಬಸವನಗುಡಿಯ ದೊಡ್ಡ ಬಸವನನ್ನು ಒಂದೇ ಬಂಡೆಯಲ್ಲಿ ಕಡೆದಿರುವುದರಿಂದ ಅದರ ಕೊಂಬನ್ನು ಮೈಗೆ ಸೇರಿಸುವ ಪ್ರಶ್ನೆಯೇ ಹುಟ್ಟದು. ಆಣಿ ಹೂಡಿದ ಹಲ್ಲು ಹಾಗಲ್ಲ. ಅಲ್ಲಿರುವುದು ಸಂಯೋಗ, ಸಂಯೋಗವು ವಿಭಾಗದಿಂದ ನಾಶವಾಗುವುದು. ಅದಕ್ಕೆ ಹೋಲಿಕೆಯನ್ನು ಹುಡುಕಬೇಕಾದರೆ ಪೀಠದ ಮೇಲೆ ಪ್ರತಿಷ್ಠಿಸಿದ ವಿಗ್ರಹದ ಕಡೆಗೆ ನೋಡಬೇಕು. ವಿಗ್ರಹದ ಬುಡದಲ್ಲಿರುವ ಕಚ್ಚನ್ನು ಪೀಠದ ಗುಳಿಗೆ ಇಳಿಸಿ, ನಡುವಣ ಸಂದಿನಲ್ಲಿ ಅಷ್ಟಬಂಧವನ್ನು ತುಂಬುತ್ತಾರೆ. ಅರಗು, ರಾಳ, ಗುಗ್ಗುಳ, ಜೇನುಮೇಣ, ಶಂಖದ ಪುಡಿ ಮೊದಲಾದುವನ್ನು ಕುಟ್ಟಿ ಹದಮಾಡಿದ ದ್ರವ್ಯವದು. ಎಂಟರ ಪಟ್ಟಿಯಲ್ಲಿ ಪ್ರಾಂತಭೇದ ಸಂಪ್ರದಾಯಭೇದಗಳುಂಟು. ವಿಗ್ರಹವನ್ನು ನಿಲ್ಲಿಸುವುದು ಅದರ ತೂಕವೂ ಗುಳಿಯ ಹೊಂದಿಕೆಯೂ; ಅಷ್ಟಬಂಧವು ಅದು ಅಲುಗದಂತೆ ಸಂದನ್ನು ತುಂಬುತ್ತದೆ, ಅಭಿಷೇಕದ ನೀರು ಕೆಳಗೆ ಇಳಿಯದಂತೆ ತಡೆಯುತ್ತದೆ.

ಈ ಎರಡನೆಯ ಕೆಲಸವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಹಲ್ಲಿನ ಸಿಮೆಂಟಿಗೂ ಅದೇ ಎರಡನೆಯ ಕೆಲಸವುಂಟು. ಸಂದು ಉಳಿದರೆ ಬಾಯಿಯ ಎಂಜಲು ಆಣಿಯ ಪಕ್ಕದಿಂದ ಇಳಿದು, ಅದರೊಡನೆ ರೋಗಾಣುಗಳೂ ಬೇರಿನ ತುದಿಯವರೆಗೆ ಹೋಗಿ, ಮಾಡಿದ ಚಿಕಿತ್ಸೆಯನ್ನೆಲ್ಲ ಕೆಡಿಸುವುವು. ಆಣಿಯು ಬಿಗಿಯಾಗಿಯೇ ಇದ್ದರೂ ಹೀಗಾಗಬಹುದು. ನಮ್ಮ ಪತ್ರದಲ್ಲಿ ಈ ವಿಷಯವಾಗಿ ಒಂದಕ್ಷರವೂ ಇಲ್ಲ. ‘ಅಂಟು’ ಎಂಬ ಪದವು ಹಿಡಿಯುವ ಅರ್ಥವನ್ನು ಮಾತ್ರ ಕೊಟ್ಟು ತಡೆಯುವ ಅರ್ಥವನ್ನು ಕೊಡದಿರುವುದೇ ಈ ಲೋಪಕ್ಕೆ ಕಾರಣವೆಂದು ನಮಗೆ ತೋರುತ್ತದೆ. ಹಳೆಯ ವೈದ್ಯಗ್ರಂಥಗಳ ಪದವು ಇದಕ್ಕಿಂತ ಒಳ್ಳೆಯದಾಗಿತ್ತು. ಕೃಮಿದಂತದ ಕುಳಿಯನ್ನು ಬೆಲ್ಲದಿಂದಲಾಗಲಿ ಜೇನುಮೇಣದಿಂದಲಾಗಲಿ ತುಂಬಿ ಸುಡಬೇಕೆಂದೂ, ಏಳೆಲೆಯ ಹೊನ್ನೆ ಮತ್ತು ಎಕ್ಕದ ಹಾಲಿನಿಂದ ತುಂಬುವುದು ನೋವನ್ನು ಗೆಲ್ಲುವುದೆಂದೂ ಹೇಳುವಾಗ ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ‘ಪೂರಣ’ವೆಂಬ ಮಾತನ್ನು ಉಪಯೋಗಿಸಿದ್ದಾನೆ. ಆ ಚಿಕಿತ್ಸೆಯನ್ನು ಈಗ ಯಾರೂ ಅನುಸರಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಪದವು ಮಾತ್ರ ಉಪಾದೇಯ.

ಹೋಲಿಕೆಗೆ ಒಂದು ಮಿತಿಯಿದೆಯೆಂಬುದನ್ನು ನಾವೇ ಹೇಳುವುದು ಮೇಲು. ವಿಗ್ರಹವು ಅಚಲ, ಹಲ್ಲಾದರೋ ದಿನವೂ ಸಾವಿರಾರು ಸಲ ಅದುಮಿಸಿಕೊಳ್ಳುವುದು, ಮುಂದಿನ ಹಲ್ಲಾದರೆ ಓರೆಯಾಗಿ ತಳ್ಳಿಸಿಕೊಳ್ಳುವುದು. ಆದುದರಿಂದ ಬಿಗಿಯು ಅತಿಯಾಗುವುದೂ ಅಪಾಯವೇ. ತಿರುಪಿನ ಮೊಳೆಯಂತೆ ಗೋಡೆಗೆ ಕೊರೆದು ಕೂರುವ ಆಣಿಗಳು ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುತ್ತವೆ, ಬೇರನ್ನು ಸೀಳುವ ಭಯವೂ ಅವುಗಳಿಂದಲೇ ಹೆಚ್ಚು. 1728ರಲ್ಲಿ ಫ್ರಾನ್ಸಿನ ಪಿಯರ್ ಫೊಶಾರ್ ಎಂಬಾತನು ತನ್ನ ಪ್ರಸಿದ್ಧವಾದ ದಂತವೈದ್ಯಗ್ರಂಥದಲ್ಲಿ ಚಿನ್ನಬೆಳ್ಳಿಯ ಆಣಿಗಳನ್ನು ಕಾಸಿ ಮೆತ್ತಗೆಮಾಡಿದ ಒಂದು ಲೇಪದಿಂದ ಕೂರಿಸುವುದನ್ನು ಬರೆದಿದ್ದಾನೆ. ಅರಗಿನಿಂದ ಕತ್ತಿಗೆ ಹಿಡಿ ಕೂರಿಸುವ ನಮ್ಮ ಕಮ್ಮಾರರಿಗೆ ಅದು ಹೊಸದೆನಿಸದು. ಆಮೇಲೆ ಕೆಲವು ಕಾಲ ಮರದ ಆಣಿಗಳು ರೂಢಿಗೆ ಬಂದುವು. ಅವಕ್ಕೆ ಸಿಮೆಂಟೇ ಬೇಕಾಗಿರಲಿಲ್ಲ, ಬಾಯಿಯ ತೇವವನ್ನು ಕುಡಿದು ಉಬ್ಬ ತಾವಾಗಿ ಬಿಗಿಯಾಗುತ್ತಿದ್ದುವು. ಎಷ್ಟೋ ಬೇರುಗಳು ಅದರಿಂದಲೇ ಸೀಳಿಹೋದುವು.

ಮೂರನೆಯ ಮಾತಾದ ‘ಶಾಶ್ವತ’ದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಇಂಗ್ಲಿಷಿನಲ್ಲಿ ದಂತವೈದ್ಯರು ‘ಪರ್ಮನೆಂಟ್’ ಎಂದು ಹೇಳುವುದು ತಾತ್ಕಾಲಿಕವಾದ ಸಿಮೆಂಟಿನಿಂದ ಇದನ್ನು ಬೇರ್ಪಡಿಸುವುದಕ್ಕಾಗಿ. ಮತ್ತೆ ತೆಗೆಯುವ ಉದ್ದೇಶವಿಲ್ಲದ್ದು ಎಂಬಷ್ಟೇ ಅದರ ತಾತ್ಪರ್ಯ. ಭಾಷಾಂತರಕಾರನು ನಿಘಂಟನ್ನು ತೆರೆದು ‘ಶಾಶ್ವತ’ವೆಂದು ಬರೆದನು. ಉಪನಿಷತ್ತುಗಳು ಆತ್ಮನಿಗೆ ಹೇಳಿದ ವಿಶೇಷಣವು ಹೀಗೆ ಸತುವಿನ ಪುಡಿಗೆ ಬಂದಿತು. ಈ ದೋಷವು ನಮ್ಮ ಪೂರ್ವಿಕರಲ್ಲಿ ಇರಲಿಲ್ಲವೆನ್ನುವಂತಿಲ್ಲ: ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಎಳೆಯ ತೂಬರೆ, ಬೇಲ, ಬೂರುಗದ ಹೂ ಮುಂತಾದುವುಗಳ ಕಷಾಯಕ್ಕೆ ರಾಳಗಳನ್ನು ಬೆರೆಸಿ ಮಾಡುವ ವಜ್ರಲೇಪವನ್ನು ವಿಧಿಸಿ, ಅದು ಕೋಟಿ ವರ್ಷ ನಿಲ್ಲುವುದೆಂದಿದ್ದಾನೆ. ದೇವಾಲಯಗಳನ್ನು ನಡಸುವವರು ಆ ಕೋಟಿಯನ್ನು ನಂಬದೆ, ಹನ್ನೆರಡು ವರ್ಷಗಳಿಗೊಮ್ಮೆ ಅಷ್ಟಬಂಧವನ್ನು ಹೊಸದಾಗಿ ಮಾಡಿಸುವ ಪದ್ಧತಿಯನ್ನು ಇಟ್ಟುಕೊಂಡರು. ಶಾಸ್ತ್ರಕಾರನಿಗಿಂತ ಸ್ಥಾನಿಕನು ಬುದ್ಧಿವಂತನಾದ ಸಂದರ್ಭಗಳಲ್ಲಿ ಇದೊಂದು.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಇದೇ ಬೆಂಗಳೂರಿನಿಂದ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗ ಕನ್ನಡದಲ್ಲಿ ಪಾರಿಭಾಷಿಕ ಪದಗಳಿಗೆ ಬಡತನವಿತ್ತು. ಈಗಿನ ಕಷ್ಟವು ಅದಲ್ಲ. ಕೋಟೆಯ ಬಳಿಯ ಸರ್ಕಾರಿ ದಂತವೈದ್ಯ ಕಾಲೇಜು 1958ರಲ್ಲಿ ಪ್ರಾರಂಭವಾದಂದಿನಿಂದ ಕನ್ನಡ ಬಲ್ಲ ದಂತವೈದ್ಯರಿಗೂ ಕೊರತೆಯಿಲ್ಲ. ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತೂ ಸಂಸ್ಕೃತ ಪಾಠಶಾಲೆಯೂ ಇವೆ. ಪದಗಳಿವೆ, ತಿಳಿದವರಿದ್ದಾರೆ, ಇಬ್ಬರೂ ಒಂದೇ ಮೇಜಿನ ಮುಂದೆ ಕೂರುವುದಿಲ್ಲ. ಕರಪತ್ರವನ್ನು ಭಾಷಾಂತರ ಮಾಡುವವನು ವೈದ್ಯನೂ ಅಲ್ಲ, ಪಂಡಿತನೂ ಅಲ್ಲ. ಅವನನ್ನು ದೂಷಿಸಿ ಫಲವಿಲ್ಲ.

ಎರಡನೆಯ ಸಲ ಆಣಿಯನ್ನು ಹೂಡುವ ಮುಂಚೆ ಮಲ್ಲೇಶ್ವರದ ವೈದ್ಯೆಯು ನಾಳದ ಗೋಡೆಯನ್ನು ಭೂತಗನ್ನಡಿಯ ಕೆಳಗೆ ಬಹುಹೊತ್ತು ಉಜ್ಜಿ ಶುದ್ಧಿಮಾಡಿದರು. ಆ ಬೇಸರವನ್ನು ಕಳೆಯಲು ನಾವು ಮನಸ್ಸಿನಲ್ಲಿಯೇ ಪತ್ರದ ಮೂರು ವಾಕ್ಯಗಳನ್ನು ತಿದ್ದಿದೆವು. ‘ಮುರಿದ ಹಲ್ಲಿನ ಮೇಲೆ ಕಟ್ಟುವ ದಿಂಡನ್ನು ಹಿಡಿದಿಡುವುದಕ್ಕಾಗಿ ಬೇರಿನೊಳಗೆ ಒಂದು ಆಣಿಯನ್ನು ಹೂಡುತ್ತೇವೆ, ಇದರಿಂದ ಬೇರಿಗೆ ಬಲ ಬರುವುದಿಲ್ಲ, ಆದುದರಿಂದ ಗಟ್ಟಿಯಾದ ಪದಾರ್ಥವನ್ನು ಅದರಿಂದ ಕಚ್ಚಬಾರದು. ಆಣಿಗೂ ಬೇರಿಗೂ ನಡುವಣ ಸಂದನ್ನು ಸಿಮೆಂಟಿನಿಂದ ಪೂರಣ ಮಾಡುತ್ತೇವೆ. ಅದು ಗಟ್ಟಿಯಾಗಿ ಎರಡನ್ನೂ ಕಚ್ಚಿ ಹಿಡಿಯುವುದು, ಎಂಜಲು ಒಳಗೆ ಇಳಿಯದಂತೆ ತಡೆಯುವುದು. ಕಾಲಾಂತರದಲ್ಲಿ ಇದು ಸಡಿಲಬಹುದು; ಅಲುಗಿದಂತೆ ತೋರಿದ ದಿನವೇ ಬರಬೇಕು.’ ಮನೆಗೆ ಬಂದು ಬರೆದು ಕಳುಹಿಸಿದೆವು. ವೈದ್ಯೆಯು ಆಣಿಯನ್ನೂ ಪೂರಣವನ್ನೂ ಸಂತೋಷದಿಂದ ಒಪ್ಪಿದರು. ‘ಕಚ್ಚಿ ಹಿಡಿಯುವುದು’ ಎಂಬುದನ್ನು ಮಾತ್ರ ಒಪ್ಪಲಿಲ್ಲ. ಒಂದೇ ಪತ್ರದಲ್ಲಿ ರೋಗಿಯು ಕಚ್ಚಬಾರದೆಂದೂ ಸಿಮೆಂಟು ಕಚ್ಚುವುದೆಂದೂ ಬರೆದರೆ, ಹಲ್ಲುನೋವಿನಿಂದ ಬಂದವರು ಗಾಬರಿಯಾಗುವರಂತೆ. ಈ ಆಕ್ಷೇಪಕ್ಕೆ ನಮ್ಮಲ್ಲಿ ಉತ್ತರವಿಲ್ಲ. ‘ಬಿಗಿದು’ ಎಂದರೆ ಹಗ್ಗದ ಅರ್ಥ ಬರುತ್ತದೆ, ‘ನಾಟಿ’ ಎಂದರೆ ಪೈರಿನ ಅರ್ಥ. ಇದಕ್ಕಿಂತ ಉಚಿತವಾದ ಕ್ರಿಯಾಪದವು ವಾಚಕಮಹಾಶಯರಲ್ಲಿ ಯಾರಿಗಾದರೂ ತೋರಿದಲ್ಲಿ ಈ ಪತ್ರಿಕೆಯ ಮೂಲಕ ತಿಳಿಸಬೇಕಾಗಿ ಪ್ರಾರ್ಥಿಸುತ್ತೇವೆ.